ಹೊರಬೀಡಿನ ದಿನದ ಒಂದು ರೂಪಾಯಿ

ಮನೆಖರ್ಚಿನ ಲೆಕ್ಕ ತೆಗೆಯುವ ಕೆಲಸಕ್ಕೆ ಹೊಸದಾಗಿ ಸೇರಿದವರು ನನ್ನನ್ನು ನೋಡಲು ಬಂದರೆ ಮೊದಲು ಕೇಳುವುದು ಒಂದೇ ಮಾತು: ಆಗೆಲ್ಲ ನಿಜವಾಗಿಯೂ ಮನೆಮನೆಗೆ ಹೋಗಿ ಕೇಳುತ್ತಿದ್ದಿರಾ ಮೇಡಂ? ಹೌದಮ್ಮ, ಹೋಗುತ್ತಿದ್ದೆವು. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಈ ಮೂರು ತಾಲ್ಲೂಕುಗಳಲ್ಲಿ ನನ್ನ ಮೇಲೆ ಬೊಗಳದ ನಾಯಿ ಇರಲಿಲ್ಲ. ನನಗೆ ಯಾವ ವರ್ಷ ಬಡ್ತಿ ಸಿಕ್ಕಿತು, ಯಾರು ಅಡ್ಡಗಾಲು ಹಾಕಿದರು ಎಂದು ಬರೆಯಲು ಕೂತರೆ ನನಗೇ ಆಕಳಿಕೆ ಬರುತ್ತದೆ. ಆದ್ದರಿಂದ ಅದನ್ನು ಬಿಟ್ಟು, ಕೆಲಸ ಹೇಗಿತ್ತು ಎಂಬುದನ್ನಷ್ಟೇ ಬರೆಯುತ್ತೇನೆ.

ತಿಂಗಳಿಗೆ ಎಷ್ಟು ಖರ್ಚಾಗುತ್ತದೆ ಎಂದು ನೇರವಾಗಿ ಕೇಳಿದರೆ ದೇವರಾಣೆಗೂ ಯಾರೂ ನಿಜ ಹೇಳುವುದಿಲ್ಲ. ಅಡುಗೆಮನೆಯ ಹೊಸ್ತಿಲಲ್ಲಿ ಕೂತು, ಈ ಉಪ್ಪಿನ ಪೊಟ್ಟಣ ಯಾವತ್ತು ತಂದದ್ದು ಎಂದು ಶುರು ಮಾಡಬೇಕು. ಉಪ್ಪಿನಿಂದ ಬೇಳೆಗೆ, ಬೇಳೆಯಿಂದ ಎಣ್ಣೆಗೆ ಮಾತು ತಾನಾಗಿ ಹರಿಯುತ್ತದೆ. ಅತ್ತೆಯ ಎದುರು ಸೊಸೆಯನ್ನು ಕೇಳಬಾರದು. ಕೇಳಿದರೆ ಹೂವಿನ ಖರ್ಚು, ಬಳೆಯ ಖರ್ಚು ಎಲ್ಲವೂ ಮಾಯ. ಅಟ್ಟದ ಮೇಲೆ ಕಾಯಿ ಒಣಗುತ್ತಿರುವ ಮನೆಯಲ್ಲಿ ಗಂಡಸರ ಹತ್ತಿರ ಆದಾಯದ ಮಾತೆತ್ತಬಾರದು. ವರ್ಷವಿಡೀ ಅಟ್ಟದಲ್ಲಿಟ್ಟ ಕಾಯಿ ಕೊಬ್ಬರಿಯಾಗಿ, ಸುಲಿದು ಮಾರುವವರೆಗೂ ಅವರ ಪ್ರಕಾರ ಅವರ ಮನೆಯಲ್ಲಿ ಏನೂ ಇಲ್ಲ. ಹೀಗೆ ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ತೆಗೆದ ಲೆಕ್ಕವನ್ನು ಮೇಲಿನವರು ಕೂಡಿಸಿ ಕಳೆದು ಪುಸ್ತಕ ಮಾಡುವ ಹೊತ್ತಿಗೆ ಆ ಮನೆಯ ಮಗು ಶಾಲೆಗೆ ಹೋಗುತ್ತಿರುತ್ತಿತ್ತು.

ನನ್ನ ಸೇವೆಯ ಕೊನೆಯ ವರ್ಷಗಳಲ್ಲಿ ಕಾರ್ಡು ಬಂತು. ಒಪ್ಪಿ ಸಹಿ ಹಾಕಿಕೊಟ್ಟ ಮನೆಗಳವರು ಬ್ಯಾಂಕಿನ ಕಾರ್ಡಿನಲ್ಲಿ ಎಲ್ಲಿ ದುಡ್ಡು ಕೊಟ್ಟರೂ ಅದು ಸ್ವಲ್ಪ ಹೊತ್ತಿನಲ್ಲೇ ನಮ್ಮ ಕಚೇರಿಯ ಪರದೆಗೆ ಬರುತ್ತಿತ್ತು. ಹೆಸರು ಬರುತ್ತಿರಲಿಲ್ಲ. ಮನೆಯ ಸಂಖ್ಯೆ, ಆ ಮನೆಯ ಎಷ್ಟನೆಯ ಕಾರ್ಡು, ಹೊತ್ತು, ಎಂಥ ಅಂಗಡಿ, ಯಾವ ಊರು, ಎಷ್ಟು ರೂಪಾಯಿ, ಅಷ್ಟೇ. ಪ್ರತಿ ಮನೆಗೂ ಒಂದೊಂದು ಗೆರೆ. ಖರ್ಚಾದಾಗ ಗೆರೆ ಮೇಲೇಳುತ್ತದೆ, ಇಲ್ಲದಿದ್ದರೆ ಮಲಗಿರುತ್ತದೆ. ಊರೂರಿನ ಸಂಸಾರ ಇವತ್ತು ಹೇಗೆ ನಡೆದಿದೆ ಎಂಬುದು ಇವತ್ತೇ ಗೊತ್ತಾಗಬೇಕು ಎಂಬುದು ಯೋಜನೆ.

ನನ್ನ ಮೇಲಧಿಕಾರಿ ಸದಾಶಿವಯ್ಯನವರಿಗೆ ಇದರಿಂದ ಆದ ಸಂತೋಷ ಅಷ್ಟಿಷ್ಟಲ್ಲ. ಬಾಯಿ ಸುಳ್ಳು ಹೇಳುತ್ತದೆ, ಕಾರ್ಡು ಹೇಳುವುದಿಲ್ಲ ಎನ್ನುತ್ತಿದ್ದರು. ಸಂಪಿಗೆ ಎಂಬ ಊರಿನ ಕಡೆಯ ಒಂದು ಮನೆಯ ಗೆರೆ ಗಗನಕ್ಕೇರಿದಾಗ ತುರುವೇಕೆರೆ ತಾಲ್ಲೂಕಿನಲ್ಲಿ ಸುಭಿಕ್ಷವಾಗಿದೆ ಎಂದು ಮೇಲಕ್ಕೆ ಬರೆದೇಬಿಟ್ಟರು. ನಾನು ಹೋಗಿ ನೋಡಿದರೆ ಅದೊಬ್ಬ ನಿವೃತ್ತ ಮೇಷ್ಟರ ಮನೆ. ಬೀದಿಯವರ ಸಾಮಾನಿಗೆಲ್ಲ ತಮ್ಮ ಕಾರ್ಡು ಮುಟ್ಟಿಸಿ, ಅವರಿಂದ ನೋಟು ಈಸಿಕೊಂಡು, ಕಾರ್ಡಿನವರು ಕೊಡುವ ಸಣ್ಣಪುಟ್ಟ ಬಹುಮಾನ ಕೂಡಿಹಾಕುತ್ತಿದ್ದರು. ಸುಭಿಕ್ಷದ ಕಾಗದವನ್ನು ವಾಪಸು ತರಿಸಿಕೊಳ್ಳಲು ಸದಾಶಿವಯ್ಯನವರು ಪಟ್ಟ ಪಾಡು ಆ ದೇವರಿಗೇ ಗೊತ್ತು.

ನಗು ಅಲ್ಲಿಗೇ ಮುಗಿಯಿತು ಎನ್ನಬೇಕು. ಆ ಪರದೆಯ ಮುಂದೆ ಕೂತಷ್ಟೂ ನನಗೆ ಒಂದು ಬಗೆಯ ಅಳುಕು ಹತ್ತಿಕೊಂಡಿತು. ಮನೆಗಳ ಹೆಸರಿನ ಪಟ್ಟಿ ಬೀರುವಿನಲ್ಲಿ ಬೀಗ ಹಾಕಿಕೊಂಡಿತ್ತು ನಿಜ, ಆದರೆ ಒಂದೊಂದು ಮನೆಗೂ ಹೋಗಿ ಸಹಿ ಹಾಕಿಸಿದವಳು ನಾನೇ. ಸಂಖ್ಯೆ ಕಂಡ ಕೂಡಲೇ ಮುಖ ಕಾಣುತ್ತಿತ್ತು. ಯಾರ ಮನೆಯವರು ವಾರಕ್ಕೊಮ್ಮೆ ಔಷಧಿ ಅಂಗಡಿಗೆ ಹೋಗುತ್ತಿದ್ದವರು ದಿನಾ ಹೋಗತೊಡಗಿದರು, ಆಮೇಲೆ ಯಾವ ದಿನ ಆ ಅಂಗಡಿ ನಿಂತೇಹೋಗಿ ಹೂವಿನ ಅಂಗಡಿ ಬಂತು, ಎಲ್ಲ ಕಾಣುತ್ತಿತ್ತು. ಹೂವಿನ ಅಂಗಡಿಯ ಹಿಂದೆಯೇ ಹನ್ನೊಂದನೆಯ ದಿನದ ದೊಡ್ಡ ದಿನಸಿ ಬರುತ್ತದೆ ಎಂದು ನಾನು ಕಾಯುತ್ತಿದ್ದೆ. ಬರುತ್ತಿತ್ತು. ಸಂತೆಯಲ್ಲಿ ಅವರು ಎದುರಾದರೆ ನಾನು ಸೀರೆಯ ಸೆರಗು ಸರಿಮಾಡಿಕೊಳ್ಳುವ ನೆಪದಲ್ಲಿ ತಲೆ ತಗ್ಗಿಸುತ್ತಿದ್ದೆ.

ಶೆಟ್ಟಿಕೆರೆಯ ಒಂದು ಮನೆಯಲ್ಲಿ ಯಜಮಾನ ತೀರಿಕೊಂಡಿದ್ದ. ಅವನ ಕಾರ್ಡು ಮಾತ್ರ ತೀರಿಕೊಂಡಿರಲಿಲ್ಲ. ಬದುಕಿದ್ದಾಗ ಪ್ರತಿ ಸೋಮವಾರ ಬೆಳಿಗ್ಗೆ ಯಾವ ಬೀಡಾ ಅಂಗಡಿಯಲ್ಲಿ ಎಷ್ಟು ಕೊಡುತ್ತಿದ್ದನೋ, ಸತ್ತ ಮೇಲೂ ಅದೇ ಸೋಮವಾರ, ಅದೇ ಅಂಗಡಿ, ಅಷ್ಟೇ ದುಡ್ಡು. ಕಂಪ್ಯೂಟರಿನ ಲೆಕ್ಕದಲ್ಲಿ ಅವನು ಗಟ್ಟಿಮುಟ್ಟಾಗಿದ್ದ. ವಿಚಾರಿಸಲು ಹೋದಾಗ ಅವನ ಹೆಂಡತಿ ಸೋಮವಾರ ಎಡೆ ಇಡುವುದಕ್ಕೆ ತಾನೇ ತರುವುದೆಂದು ಒಪ್ಪಿಕೊಂಡಳು. ನಿಮ್ಮ ಕಾರ್ಡಿನಲ್ಲೇ ತರಬಹುದಲ್ಲ ಎಂದೆ.

"ನಮ್ ದುಡ್ಡಲ್ಲಿ ತಂದ್ರೆ ಮುಟ್ಟಲ್ಲ ಕಣ್ರೀ ಅವ್ರು," ಎಂದಳು. "ಒಂದ್ಸಲ ತಂದು ನೋಡ್ದೆ. ಇಟ್ಟಿದ್ದು ಇಟ್ಟಂಗೇ ಇತ್ತು."

ಹಾಗಾದರೆ ಅವನ ಕಾರ್ಡಿನಲ್ಲಿ ತಂದದ್ದು ಏನಾಗುತ್ತದೆ ಎಂದು ಕೇಳಲು ನನಗೆ ಧೈರ್ಯ ಬರಲಿಲ್ಲ.

ಇನ್ನು ನಾನು ಹೇಳಬೇಕೆಂದು ಕೂತ ವಿಷಯ. ಹುಳಿಯಾರಿನ ಆಚೆಯ ಒಂದು ಹಳ್ಳಿಯಲ್ಲಿ ನಡೆದದ್ದು. ಊರಿನ ಹೆಸರು ಹೇಳುವುದಿಲ್ಲ, ಜನರ ಹೆಸರುಗಳನ್ನೂ ಬದಲಿಸಿದ್ದೇನೆ, ನಮ್ಮ ವೃತ್ತಿಯಲ್ಲಿ ಅದು ಕೊಟ್ಟ ಮಾತು.

ಒಂದು ಮಂಗಳವಾರ ಬೆಳಿಗ್ಗೆ ಆ ಊರಿನ ಗೆರೆಗಳೆಲ್ಲ ಒಟ್ಟಿಗೆ ಮಲಗಿದ್ದವು. ಸದಾಶಿವಯ್ಯನವರು ಕನ್ನಡಕ ತೆಗೆದು ಒರೆಸಿಕೊಂಡು, ಊರಿಗೆ ಊರೇ ಸತ್ತುಹೋದ ಹಾಗಿದೆಯಲ್ಲ ಎಂದು ಗಾಬರಿಯಾದರು. ನನಗೆ ನಗು ಬಂತು. ಅವತ್ತು ಆ ಊರಿನ ಹೊರಬೀಡು. ಎಂದೋ ಒಂದು ಕಾಲದಲ್ಲಿ ದೊಡ್ಡ ರೋಗ ಬಂದಾಗ ಊರನ್ನು ಊರದೇವತೆ ಅಮ್ಮನಿಗೆ ಬಿಟ್ಟುಕೊಟ್ಟು ಜನರೆಲ್ಲ ಹೊರಗೆ ಹೋಗಿದ್ದರಂತೆ. ಅಂದಿನಿಂದ ಕೆಲವು ವರ್ಷಕ್ಕೊಮ್ಮೆ ಒಂದು ದಿನ ದನಕರು, ಕೋಳಿ, ನಾಯಿ, ಹಾಸಿಗೆ ಹಿಡಿದವರು ಎಲ್ಲರನ್ನೂ ಕರೆದುಕೊಂಡು ಬೆಳಕು ಹರಿಯುವ ಮೊದಲೇ ಊರು ಬಿಡುತ್ತಾರೆ. ತೆಂಗಿನ ತೋಟಗಳಲ್ಲಿ ಒಲೆ ಹೂಡಿ ಉಣ್ಣುತ್ತಾರೆ. ತಳವಾರ ಬೀದಿಬೀದಿಯಲ್ಲಿ ಮೂರು ಸಲ ಕೂಗಿ ಯಾರೂ ಉಳಿದಿಲ್ಲವೆಂದು ಖಾತ್ರಿ ಮಾಡಿಕೊಂಡು ಊರಬಾಗಿಲಿಗೆ ಮುಳ್ಳು ಎಳೆಯುತ್ತಾನೆ. ಆಮೇಲೆ ಹೊತ್ತು ಮುಳುಗುವವರೆಗೆ ಊರು ಅಮ್ಮನದು. ಮುಳ್ಳು ಎಳೆದ ಮೇಲೆ ಊರೊಳಗಿಂದ ಯಾರು ಕೂಗಿದರೂ ಓಗೊಡಬಾರದು. ಕೂಗುತ್ತಿರುವುದು ಮನುಷ್ಯರಲ್ಲ ಎಂಬುದು ಅವರ ನಂಬಿಕೆ.

ಇದನ್ನು ಸದಾಶಿವಯ್ಯನವರಿಗೆ ವಿವರಿಸಿ ನಾನು ಚಹಾ ಕುಡಿಯುತ್ತಿದ್ದೆ. ಆಗ ಒಂದು ಗೆರೆ ಮಿಸುಕಿತು.

ಮನೆ ಸಂಖ್ಯೆ ಮೂವತ್ತೇಳು. ಕಿರಾಣಿ ಅಂಗಡಿ. ಅದೇ ಊರು. ಒಂದು ರೂಪಾಯಿ.

ಮೂವತ್ತೇಳು ಎಂದರೆ ಕಲ್ಪನಾಳ ಮನೆ. ಇಪ್ಪತ್ತೈದರ ಆಸುಪಾಸಿನ ಹುಡುಗಿ, ಅದೇ ಊರಿನಲ್ಲಿ ಹುಟ್ಟಿ ಅದೇ ಊರಿಗೆ ಸೊಸೆಯಾದವಳು, ತುಂಬಿದ ಬಸುರಿ. ಮನೆಯ ಮುಂಗೋಣೆಯಲ್ಲಿ ಅಂಗಡಿ ಇಟ್ಟಿದ್ದಳು. ಆ ಊರಿನಲ್ಲಿ ಕಾರ್ಡು ಮುಟ್ಟಿಸುವ ಮಶೀನು ಇದ್ದದ್ದು ಅವಳ ಅಂಗಡಿಯಲ್ಲಿ ಮಾತ್ರ. ಎಂದರೆ ಮುಚ್ಚಿದ ಅಂಗಡಿಯಲ್ಲಿ, ಖಾಲಿ ಊರಿನಲ್ಲಿ, ಅವಳ ಕಾರ್ಡು ಅವಳ ಮಶೀನಿಗೇ ಒಂದು ರೂಪಾಯಿ ಕೊಟ್ಟಿತ್ತು.

ನೋಡುತ್ತಿದ್ದಂತೆ ಇನ್ನೊಂದು ಬಂತು. ಸ್ವಲ್ಪ ಹೊತ್ತು ಬಿಟ್ಟು ಮತ್ತೊಂದು. ಅಷ್ಟೂ ಒಂದೊಂದೇ ರೂಪಾಯಿ.

ಮಶೀನು ಪರೀಕ್ಷೆ ಮಾಡುತ್ತಿರಬೇಕು ಎಂದರು ಸದಾಶಿವಯ್ಯ. ಯಾರು ಸಾರ್ ಎಂದೆ. ಅವಳ ನಂಬರು ನನ್ನ ಹತ್ತಿರವಿತ್ತು, ಮಾಡಿದೆ. ಗಂಟೆ ಹೊಡೆದುಕೊಂಡು ಹೊಡೆದುಕೊಂಡು ನಿಂತಿತು. ಹೋಗಿ ನೋಡಿಬರುತ್ತೇನೆ ಎಂದೆ. ಅದು ನಿಯಮಕ್ಕೆ ವಿರುದ್ಧ. ನಾವು ನೋಡಬೇಕು, ನೋಡಿದ್ದನ್ನು ಹಿಡಿದುಕೊಂಡು ಯಾರ ಮನೆಗೂ ಹೋಗಬಾರದು. ಆ ನಿಯಮವನ್ನು ನಮಗೆಲ್ಲ ಬಾಯಿಪಾಠ ಮಾಡಿಸಿದವರು ಇದೇ ಸದಾಶಿವಯ್ಯ. ಅವರು ಕಿಟಕಿಯ ಕಡೆ ತಿರುಗಿಕೊಂಡರು.

"ಜೀಪು ತಗೊಂಡು ಹೋಗಿ," ಎಂದರು. "ನೀವು ಹೇಳಿಲ್ಲ, ನಾನು ಕೇಳಿಲ್ಲ."

ಅಲ್ಲಿಗೆ ಮುಟ್ಟುವಷ್ಟರಲ್ಲಿ ಬಿಸಿಲು ನೆತ್ತಿಗೇರಿತ್ತು. ಊರಾಚೆಯ ತೋಟದಲ್ಲಿ ಕಲ್ಪನಾಳ ಅತ್ತೆ ಗೌರಮ್ಮನವರ ಕಡೆಯವರು ಬಿಡಾರ ಹೂಡಿದ್ದರು. ಒಲೆಯ ಮೇಲೆ ಸಾರು ಕುದಿಯುತ್ತಿತ್ತು, ಆದರೆ ಯಾರ ಮುಖದಲ್ಲೂ ಹಬ್ಬವಿರಲಿಲ್ಲ. ಕಲ್ಪನಾ ಎಲ್ಲಿ ಎಂದು ಕೇಳಿದೆ. ಕೆರೆಯ ಆ ಕಡೆ ತವರಿನವರ ತೋಟದಲ್ಲಿ ಇದ್ದಾಳೆ, ಅವರಮ್ಮನ ಜೊತೆ ಹೋದಳು ಎಂದರು ಗೌರಮ್ಮ. ಹಾಗಾದರೆ ಅವಳ ಫೋನು? ಅವಳ ಮೈದುನ ಒಂದು ತೆಂಗಿನ ಮರದ ಬುಡ ತೋರಿಸಿದ. ಗಾಡಿಯಲ್ಲಿ ಮೊದಲೇ ಕಳಿಸಿದ್ದ ಬುಟ್ಟಿಯಲ್ಲಿ ಅವಳ ಫೋನು ಬಂದಿತ್ತು. ಅದನ್ನು ಅರಿಸಿನದ ಬಟ್ಟೆಯಲ್ಲಿ ಸುತ್ತಿ, ಬೇವಿನ ಸೊಪ್ಪು ಮುಚ್ಚಿ, ಮುಂದೆ ಊದಿನಕಡ್ಡಿ ಹಚ್ಚಿಟ್ಟಿದ್ದರು. ಕಾರ್ಡಿನಿಂದ ದುಡ್ಡು ಹೋದಾಗಲೆಲ್ಲ ಬ್ಯಾಂಕಿನವರು ಫೋನಿಗೆ ಕಳಿಸುವ ಮೆಸೇಜುಗಳನ್ನು ಅವರೂ ಓದಿದ್ದರು. ಮುಳ್ಳೆಳೆದ ಊರಿನಲ್ಲಿ, ಬಾಗಿಲು ಹಾಕಿದ ನಮ್ಮ ಅಂಗಡಿಯಲ್ಲಿ ಒಂದೊಂದು ರೂಪಾಯಿ ವ್ಯಾಪಾರ ಆಗುತ್ತಿದೆ, ಅಮ್ಮ ಬಂದು ಅಂಗಡಿಯಲ್ಲಿ ಕೂತಿದ್ದಾಳೆ ಎಂದು ಅವರು ತೀರ್ಮಾನ ಮಾಡಿಕೊಂಡಿದ್ದರು. ಕಲ್ಪನಾಳ ಗಂಡ ಲೋಕೇಶ ಕಾಯಿ ಲೋಡು ತೆಗೆದುಕೊಂಡು ದೂರ ಹೋಗಿದ್ದ. ಅವನಿಗೆ ತಿಳಿಸುವುದಕ್ಕೂ ಹೆದರಿದ್ದರು.

ನಾನು ಕೆರೆ ಏರಿಯ ಮೇಲೆ ಜೀಪು ಓಡಿಸಿಕೊಂಡು ಆ ಕಡೆಯ ತೋಟಕ್ಕೆ ಹೋದೆ. ಅವಳ ತಾಯಿ ಜಯಮ್ಮ ಮುದ್ದೆ ಕಟ್ಟುತ್ತಿದ್ದರು.

"ನಮ್ ಜೊತೇಲಿ ಎಲ್ಲವ್ಳೆ? ಅವ್ಳು ಅತ್ತೆ ಮನೆಯೋರ ಜೊತೆ ಅವ್ಳೆ ಬುಡಿ," ಎಂದರು.

ಹೇಳಿ ಮುಗಿಸುವ ಮೊದಲೇ ಅವರಿಗೆ ಅರ್ಥವಾಯಿತು. ಒಂದೇ ಊರಿನಲ್ಲಿ ಹೆಣ್ಣು ಕೊಟ್ಟು ತಂದವರ ಮನೆಗಳಲ್ಲಿ ಇದು ಆಗುವಂಥದ್ದೇ. ಇವಳು ಅಲ್ಲಿರುತ್ತಾಳೆ ಎಂದು ಇವರು, ಅಲ್ಲೇ ಇರುತ್ತಾಳೆ ಎಂದು ಅವರು. ಜಯಮ್ಮನ ಕೈಯ ಮುದ್ದೆ ಹಾಗೆಯೇ ನೆಲಕ್ಕೆ ಬಿತ್ತು.

ಅವರನ್ನೂ ಹತ್ತಿಸಿಕೊಂಡು ಊರಬಾಗಿಲಿಗೆ ಬಂದಾಗ ಫೋನಿನಲ್ಲಿ ಸುದ್ದಿ ಹಬ್ಬಿ ಗಂಡಸರೆಲ್ಲ ಅಲ್ಲಿ ಸೇರಿದ್ದರು. ಯಾರೂ ಮುಳ್ಳು ಸರಿಸಲು ಮುಂದೆ ಬರಲಿಲ್ಲ. ಹೊತ್ತು ಮುಳುಗಲಿ ಎಂದರು ಕೆಲವರು. ತಳವಾರ ಒಂದು ಬದಿಯಲ್ಲಿ ಕುಕ್ಕರಗಾಲಲ್ಲಿ ಕೂತು ತಲೆ ಮೇಲೆ ಕೈ ಹೊತ್ತಿದ್ದ. ಬೆಳಿಗ್ಗೆ ಏನಾದರೂ ಕೇಳಿಸಿತಾ ಎಂದು ನಾನು ಕೇಳಿದೆ.

"ಮುಳ್ಳೆಳೆದ್ ಮೇಲೆ ಒಂದ್ ಕೂಗು ಕೇಳಿಸ್ತು ಮೇಡಮ್ಮೋರೆ," ಎಂದ. "ಹೆಣ್ಣಿನ ದನಿ. ನನ್ ಹೆಸರಿಡ್ದೇ ಕರೀತು. ಓಗೊಡಬಾರ್ದು ಅಂತ ಬಂದ್ಬುಟ್ಟೆ."

ಆ ಮಾತು ಕೇಳಿ ಜಯಮ್ಮ ಅಲ್ಲೇ ಕುಸಿದು ಕೂತರು. ಅವರು ಅಳುತ್ತಿರಲಿಲ್ಲ, ಉಸಿರು ಎಳೆದುಕೊಳ್ಳುತ್ತಿದ್ದರು. ನಾನು ಮುಳ್ಳಿಗೆ ಕೈ ಹಾಕಿದೆ. ನನ್ನ ಕೈಯನ್ನು ಯಾರೋ ಪಕ್ಕಕ್ಕೆ ತಳ್ಳಿದರು. ನೋಡಿದರೆ ಗೌರಮ್ಮ. ಅಲ್ಲಿದ್ದವರಲ್ಲೆಲ್ಲ ಅಮ್ಮನಿಗೆ ಹೆಚ್ಚು ನಡೆದುಕೊಳ್ಳುವವರು ಅವರೇ, ಬೆಳಗಿನಿಂದ ಉಪವಾಸವಿದ್ದರು.

"ನೀವು ಊರೋರಲ್ಲ, ನೀವ್ ಯಾಕೆ ತಗೀತೀರಿ," ಎಂದು ಬರಿಗೈಯಲ್ಲೇ ಮುಳ್ಳು ಎಳೆದು ಬಿಸಾಡಿದರು. ಅವರ ಅಂಗೈಯಿಂದ ರಕ್ತ ಬರುತ್ತಿತ್ತು. "ಹೋಗೋದಾದ್ರೆ ನಾನೋಯ್ತೀನಿ. ತಗೊಳ್ಳೋದಾದ್ರೆ ನನ್ನ ತಗೊಳ್ಳಲಿ."

ಅವರ ಹಿಂದೆ ನಾನು ಹೋದೆ. ನಡುಮಧ್ಯಾಹ್ನದ ಆ ಊರನ್ನು ನಾನು ಸಾಯುವವರೆಗೂ ಮರೆಯುವುದಿಲ್ಲ. ಎಷ್ಟೋ ಸಲ ನಡೆದಾಡಿದ್ದ ಬೀದಿ. ಈಗ ಒಂದು ಕೋಳಿಯಿಲ್ಲ, ಒಂದು ಕಾಗೆಯೂ ಕೂರುತ್ತಿಲ್ಲ. ಬಾಗಿಲು ಬಾಗಿಲಿಗೆ ಬೇವಿನ ಸೊಪ್ಪು. ಹೊಸ್ತಿಲುಗಳ ಮುಂದೆ ನೀರು ಹಾಕಿ ಸಾರಿಸಿ, ಯಾರೂ ತುಳಿಯದ ರಂಗೋಲಿ. ಬಿಸಿಲಿಗೆ ಹೆಂಚು ಕಾದು ಅಟ್ಟಗಳ ಮೇಲೆ ಒಣಕಾಯಿಗಳು ಟಕ್ ಟಕ್ ಎನ್ನುತ್ತಿದ್ದವು. ಒಂದು ಮನೆಯಲ್ಲಿ ನಿಂತರೆ ಎದುರುಮನೆಯಲ್ಲಿ ಶುರುವಾಗುತ್ತಿತ್ತು. ಗೌರಮ್ಮ ಬಲಕ್ಕಾಗಲಿ ಎಡಕ್ಕಾಗಲಿ ನೋಡಲಿಲ್ಲ. ನಾನು ನೋಡಿದೆ, ನೋಡಬಾರದಾಗಿತ್ತು. ಪ್ರತಿ ಮುಚ್ಚಿದ ಬಾಗಿಲ ಹಿಂದೆಯೂ ಯಾರೋ ನಮ್ಮನ್ನು ಲೆಕ್ಕ ಹಾಕುತ್ತಿದ್ದಾರೆ ಎನ್ನಿಸಿತು.

ಅಂಗಡಿಯ ಹತ್ತಿರ ಬಂದಾಗ ಒಳಗಿನಿಂದ ಮಶೀನಿನ ಸದ್ದು ಬಂತು. ಕೀಂ ಎಂದು ಒಂದೇ ಒಂದು ಸಲ. ಗೌರಮ್ಮ ನನ್ನ ಕೈ ಹಿಡಿದುಕೊಂಡರು. ಹಿತ್ತಿಲ ಬಾಗಿಲು ತೆರೆದೇ ಇತ್ತು, ಒಳಗೆ ಹೋದೆವು.

ಕಲ್ಪನಾ ಅಂಗಡಿಯ ನೆಲದ ಮೇಲೆ ಮಗ್ಗುಲಾಗಿ ಬಿದ್ದಿದ್ದಳು. ಎಚ್ಚರ ತಪ್ಪಿತ್ತು, ಉಸಿರಿತ್ತು. ಮಾತ್ರೆ ಮರೆತೆನೆಂದು ಹಿತ್ತಿಲಿಂದ ವಾಪಸು ಬಂದವಳು ಮೆಟ್ಟಿಲಲ್ಲಿ ಜಾರಿದ್ದಳು. ಕಾಲು ಮುರಿದಿತ್ತು. ಮೇಜಿನ ಮೇಲಿದ್ದ ಮಶೀನನ್ನು ಅದರ ವೈರು ಹಿಡಿದು ಎಳೆದು ಕೆಳಗೆ ಬೀಳಿಸಿಕೊಂಡಿದ್ದಳು. ಕಾರ್ಡು ಅವಳ ಕೈಯಲ್ಲಿರಲಿಲ್ಲ. ಮಾರುದ್ದ ದೂರದಲ್ಲಿ, ಅಕ್ಕಿ ಮೂಟೆಯ ಹತ್ತಿರ ಬಿದ್ದಿತ್ತು. ಹಾಗಾದರೆ ಈಗ ತಾನೆ ಕೇಳಿದ ಆ ಸದ್ದು? ಬ್ಯಾಟರಿ ಮುಗಿಯುವಾಗ ಆ ಮಶೀನುಗಳು ಕೂಗಿಕೊಳ್ಳುತ್ತವೆ ಎಂದು ಆಮೇಲೆ ವಿಚಾರಿಸಿ ತಿಳಿದುಕೊಂಡೆ. ಹಾಗೆಯೇ ಇರಬೇಕು.

ಜೀಪಿನಲ್ಲಿ ತಿಪಟೂರಿಗೆ ತಂದೆವು. ಇನ್ನೊಂದಿಷ್ಟು ತಡವಾಗಿದ್ದರೆ ತಾಯಿ ಮಗು ಇಬ್ಬರೂ ಉಳಿಯುತ್ತಿರಲಿಲ್ಲ ಎಂದು ಡಾಕ್ಟರು ಹೇಳಿದರು. ಇಬ್ಬರೂ ಉಳಿದರು. ಮಗು ಹೆಣ್ಣು. ಅತ್ತೆ ಸೊಸೆಯ ತಲೆಯ ಹತ್ತಿರ, ತಾಯಿ ಕಾಲಿನ ಹತ್ತಿರ, ಒಬ್ಬರ ಮುಖ ಒಬ್ಬರು ನೋಡದೆ ಕೂತಿರುತ್ತಿದ್ದರು. ಮಗು ಹುಟ್ಟಿದ ಮೇಲೆ ಮಾತು ಶುರುವಾಯಿತು.

ಸ್ವಲ್ಪ ಚೇತರಿಸಿಕೊಂಡ ಮೇಲೆ ನಾನು ಅವಳನ್ನು ಕೇಳಿದೆ, ಫೋನಿಗೆ ಮೆಸೇಜು ಹೋಗಲಿ ಎಂದು ತಾನೆ ಕಾರ್ಡು ಮುಟ್ಟಿಸಿದ್ದು ಎಂದು. ಅವಳಿಗೆ ಫೋನು ಎಲ್ಲಿದೆ ಎಂಬ ನೆನಪೇ ಇರಲಿಲ್ಲವಂತೆ.

"ನೀವೇ ಹೇಳಿದ್ರಲ್ಲ ಮೇಡಂ, ಸಹಿ ಹಾಕಿಸ್ಕೊಳ್ಳೋವಾಗ," ಎಂದಳು. "ನೀನು ಎಲ್ಲಿ ಯಾವಾಗ ದುಡ್ಡು ಕೊಟ್ರೂ ನಂಗೆ ಕಾಣ್ತದೆ ಅಂತ. ಊರಲ್ಲಿ ಯಾರೂ ಇಲ್ಲ, ಮೇಡಮ್ಮಾದ್ರೂ ನೋಡ್ತಾ ಕೂತಿರ್ತಾರೆ ಅಂತ ಮುಟ್ಟಿಸ್ದೆ."

ದಿನವಿಡೀ ಯಾರೂ ನೋಡುತ್ತಾ ಕೂತಿರುವುದಿಲ್ಲ ಮಗಳೇ, ಎಲ್ಲವನ್ನೂ ಕಂಪ್ಯೂಟರೇ ಕೂಡಿಕೊಳ್ಳುತ್ತದೆ, ಅವತ್ತು ನಾನು ಪರದೆಯ ಮುಂದೆ ಇದ್ದದ್ದು ಚಹಾ ಕುಡಿಯುವುದಕ್ಕೆ ಎಂದು ಆ ಹಾಸಿಗೆಯ ಪಕ್ಕದಲ್ಲಿ ನಿಂತು ಹೇಗೆ ಹೇಳುವುದು? ಎಷ್ಟು ಸಲ ಮುಟ್ಟಿಸಿದೆ ಎಂದು ಮಾತು ಬದಲಾಯಿಸಿದೆ. ಮೂರೋ ನಾಲ್ಕೋ, ಆಮೇಲೆ ಕಾರ್ಡು ಕೈಜಾರಿತು ಎಂದಳು. ನಾನು ಕಚೇರಿಗೆ ಬಂದು ನೋಡಿದೆ. ಪರದೆಯ ಮೇಲೆ ಅದಕ್ಕಿಂತ ತುಂಬಾ ಹೆಚ್ಚಿದ್ದವು. ಎಚ್ಚರ ತಪ್ಪುತ್ತಿದ್ದವಳಿಗೆ ಲೆಕ್ಕ ತಪ್ಪಿರಬಹುದು. ಒಂದೇ ಪಾವತಿ ಎರಡೆರಡು ಸಲ ಬಂದು ಬೀಳುವುದೂ ಉಂಟು. ಗೌರಮ್ಮನವರನ್ನು ಕೇಳಿದರೆ ಮಿಕ್ಕಿದ್ದು ಯಾರದೆಂದು ಅವರಿಗೆ ಅನುಮಾನವೇ ಇಲ್ಲ. ನಾನು ಅವರ ಜೊತೆ ವಾದ ಮಾಡಲಿಲ್ಲ.

ಆ ವರ್ಷವೇ ಮೇಲಿನಿಂದ ಒಂದು ಸುತ್ತೋಲೆ ಬಂತು. ಹತ್ತು ರೂಪಾಯಿಯೊಳಗಿನ ಪಾವತಿಗಳು ಮಶೀನು ಪರೀಕ್ಷೆಯವು, ಕಸ, ಲೆಕ್ಕ ಕೆಡಿಸುತ್ತವೆ, ಅವನ್ನು ಮೇಲೆಯೇ ಸೋಸಿ ತೆಗೆದುಹಾಕಲಾಗುವುದು ಎಂದು. ಸದಾಶಿವಯ್ಯನವರು ಅದರ ವಿರುದ್ಧ ಎರಡು ಸಲ ಬರೆದರು. ಉತ್ತರ ಬರಲಿಲ್ಲ. ನಮ್ಮ ಪರದೆಗೆ ಒಂದೊಂದು ರೂಪಾಯಿ ಬರುವುದು ನಿಂತೇಹೋಯಿತು. ಆಮೇಲೆ ಅವರು ನಿವೃತ್ತರಾದರು, ಹಿಂದೆಯೇ ನಾನೂ.

ಹೋದ ತಿಂಗಳು ಹುಳಿಯಾರಿಗೆ ಹೋಗಿದ್ದವಳು ಆ ಊರಿಗೂ ಹೋದೆ. ಕಲ್ಪನಾ ಅಂಗಡಿಯಲ್ಲಿದ್ದಳು, ಕಾಲು ಸ್ವಲ್ಪ ಎಳೆಯುತ್ತಾಳೆ. ಮಗು ಅಕ್ಕಿ ಮೂಟೆಯ ಮೇಲೆ ಕೂತು ಬಿಸ್ಕತ್ತು ತಿನ್ನುತ್ತಿತ್ತು. ಕಾಫಿ ಕೊಟ್ಟು, ಸಂಕೋಚಪಟ್ಟುಕೊಂಡು ಒಂದು ವಿಷಯ ಹೇಳಿದಳು. ಅವತ್ತಿನಿಂದ ದಿನಾ ಬೆಳಿಗ್ಗೆ ಅಂಗಡಿ ತೆಗೆದ ಕೂಡಲೇ ಒಂದು ರೂಪಾಯಿ ಮುಟ್ಟಿಸುತ್ತಾಳಂತೆ. ನಾವು ಚೆನ್ನಾಗಿದ್ದೇವೆ ಎಂದು ಮೇಡಂಗೆ ಗೊತ್ತಾಗಲಿ ಎಂದು. ಅವಳನ್ನು ನೋಡಿ ಬೀದಿಯ ಹೆಂಗಸರೂ ಶುರುಮಾಡಿದ್ದಾರೆ. ಗಂಡ ಊರಿಗೆ ಹೋಗಿ ಒಂಟಿಯಾಗಿರುವವರು, ಬಾಣಂತಿಯರು, ಮನೆಯಲ್ಲಿ ಹೊಡೆತ ತಿನ್ನುವ ಒಬ್ಬಳು. ಬಾಯಿ ಬಿಟ್ಟು ಹೇಳಲಾಗದ್ದು ಇದ್ದ ದಿನ ಎರಡು ರೂಪಾಯಿ ಮುಟ್ಟಿಸುತ್ತಾರಂತೆ.

ನಾವು ಮಾತಾಡುತ್ತಿದ್ದಾಗಲೇ ಆ ಹೊಡೆತ ತಿನ್ನುವ ಹೆಂಗಸು ಬಂದಳು. ಸೆರಗನ್ನು ಕೆನ್ನೆಯ ಮೇಲೆ ಎಳೆದುಕೊಂಡಿದ್ದಳು. ಯಾರನ್ನೂ ಮಾತಾಡಿಸದೆ ಕಾರ್ಡು ಮುಟ್ಟಿಸಿದಳು. ಮಶೀನು ಕೀಂ ಎಂದಿತು. ಎರಡನೆಯ ಸಲ ಮುಟ್ಟಿಸಿದಳು. ನಾನು ಯಾರೆಂದು ಕಲ್ಪನಾ ಅವಳ ಕಿವಿಯಲ್ಲಿ ಹೇಳಿದ್ದೇ ತಡ, ತಿರುಗಿ ನನ್ನನ್ನೇ ನೋಡಿದಳು. ಹಾಗೆ ನನ್ನನ್ನು ಯಾರೂ ನೋಡಿದ್ದಿಲ್ಲ.

"ನಿಮ್ಗೆ ಕಾಣ್ತದಾ ಅಮ್ಮ?" ಎಂದಳು.

ಕಾಣುತ್ತದೆ ಎಂದೆ. ಅವಳು ಸೆರಗು ಸರಿಮಾಡಿಕೊಂಡು ಮನೆಯ ಕಡೆ ನಡೆದಳು.